ಅಳೆಯುವ ಊರಿನಲ್ಲಿ ಹೊಗೆಯ ಲೆಕ್ಕ



ಬೆಂಗಳೂರಿನಿಂದ ಪುಣೆಗೆ ಬರುವ ಉದ್ಯಾನ್ ಎಕ್ಸ್‌ಪ್ರೆಸ್ ಹಾದಿಯನ್ನು ನಕ್ಷೆಯಲ್ಲಿ ಬೆರಳಿಟ್ಟು ನೋಡಿದರೆ, ಹವಾಮಾನ ನೀತಿಯ ಈ ಸಂಕಿರಣದ ವಿಷಯದ ದೊಡ್ಡ ಪಾಲು ಒಂದೇ ಹಳಿಯ ಅಕ್ಕಪಕ್ಕದಲ್ಲಿ ಸಿಗುತ್ತದೆ. ರಾಯಚೂರು ದಾಟಿ ಕೃಷ್ಣಾ ಸೇತುವೆ ಬರುವ ಮೊದಲು ಶಕ್ತಿನಗರದ ಶಾಖೋತ್ಪನ್ನ ಸ್ಥಾವರದ ಚಿಮಣಿಗಳು ಕಾಣುತ್ತವೆ. 1985ರಿಂದ ಕರ್ನಾಟಕದ ಮನೆಗಳಿಗೆ ಬೆಳಕು, ಹೊಲಗಳಿಗೆ ನೀರು ಕೊಡುತ್ತ ಬಂದ 1,720 ಮೆಗಾವಾಟ್ ಸ್ಥಾವರ ಅದು. ಮುಂದೆ ಯಾದಗಿರಿ, ಆಮೇಲೆ ವಾಡಿ. ವಾಡಿ, ಮಳಖೇಡ, ಸೇಡಂ ಸುತ್ತಲಿನ ಸುಣ್ಣಕಲ್ಲಿನ ನೆಲವೆಲ್ಲ ಸಿಮೆಂಟ್ ಕಾರ್ಖಾನೆಗಳದು. ಸೊಲ್ಲಾಪುರದ ಸೀಮೆಗೆ ಬಂದರೆ ಕಬ್ಬು, ಸಕ್ಕರೆ, ಈಗ ಎಥೆನಾಲ್. ಕೊನೆಗೆ ಪುಣೆ, ಪಿಂಪ್ರಿ, ಚಾಕಣ್: ದೇಶದ ರಸ್ತೆಗಳಿಗೆ ಕಾರು, ಬೈಕು, ಲಾರಿಗಳನ್ನು ಬಿಡುವ ಊರುಗಳು.

ರಿಯೊ, ಕ್ಯೋಟೊ, ಪ್ಯಾರಿಸ್ ಎಂದು ಊರುಗಳ ಹೆಸರಿನಲ್ಲಿ ನೆನಪಾಗುವ ಒಪ್ಪಂದಗಳು ಕಡಿಮೆ ಮಾಡಬೇಕಾದ ಹೊಗೆ ಹುಟ್ಟುವುದು ಇಂಥ ಹಳಿಯ ಬದಿಯಲ್ಲಿ. ಅಲ್ಲಿ ಬರೆದದ್ದು ಇಲ್ಲಿಗೆ ಮುಟ್ಟಿದೆಯೇ ಎಂದು ಪರೀಕ್ಷಿಸುವುದಕ್ಕೆ ಎರಡು ಪ್ರಶ್ನೆ ಸಾಕು. ಹೊಗೆಯನ್ನು ಅಳೆಯುವವರು ಯಾರು? ಅದನ್ನು ತಗ್ಗಿಸುವ ಹೊರೆ ಹೊರುವವರು ಯಾರು? ಈ ಸಂಕಿರಣದ ಆಶಯ ಈ ಎರಡು ಪ್ರಶ್ನೆಗಳಲ್ಲೇ ಇದೆ.

ಅಳತೆಯ ಪ್ರಶ್ನೆ ಕೇಳುವುದಕ್ಕೆ ಪುಣೆಗಿಂತ ತಕ್ಕ ಊರು ಇಲ್ಲ. 1928ರಲ್ಲಿ ಭಾರತದ ಹವಾಮಾನ ಇಲಾಖೆಯ ಕೇಂದ್ರ ಕಚೇರಿ ಶಿಮ್ಲಾದಿಂದ ಇಲ್ಲಿಗೆ ಬಂತು. ಶಿವಾಜಿನಗರದ ಆ ಕಲ್ಲಿನ ಕಟ್ಟಡವನ್ನು ಊರಿನವರು ಈಗಲೂ ಸಿಮ್ಲಾ ಆಫೀಸ್ ಎಂದೇ ಕರೆಯುತ್ತಾರೆ. 1962ರಲ್ಲಿ ಶುರುವಾದ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆ ಪಾಷಾಣದಲ್ಲಿದೆ. ಭೂಮಿಯ ವಾಯುಗುಣದ ಭವಿಷ್ಯ ಲೆಕ್ಕ ಹಾಕುವ ಜಾಗತಿಕ ಮಾದರಿಗಳ ಸಾಲಿನಲ್ಲಿ ಭಾರತದ ಮೊದಲ ಮಾದರಿಯನ್ನು ಕೊಟ್ಟದ್ದು ಆ ಸಂಸ್ಥೆ. ಅದರ ವಿಜ್ಞಾನಿಗಳು ಮುಂದೆ ನಿಂತು ಸಿದ್ಧಪಡಿಸಿದ 2020ರ ವರದಿಯ ಪ್ರಕಾರ, 1901ರಿಂದ 2018ರವರೆಗೆ ಭಾರತದ ಸರಾಸರಿ ತಾಪಮಾನ ಸುಮಾರು 0.7 ಡಿಗ್ರಿ ಸೆಲ್ಸಿಯಸ್ ಏರಿದೆ. ಅಂದರೆ ರೋಗದ ಅಳತೆ ಈ ಊರಿನಲ್ಲಿ ಚೆನ್ನಾಗಿಯೇ ನಡೆದಿದೆ. ಮದ್ದಿನ ಅಳತೆಯೂ ಅಷ್ಟೇ ಕಟ್ಟುನಿಟ್ಟಾಗಿ ನಡೆಯಬೇಕು.

ಅಂತಾರಾಷ್ಟ್ರೀಯ ನೀತಿಯ ಕತೆಯನ್ನು 1992ರ ರಿಯೊ ಸಮಾವೇಶದಿಂದ ಹೇಳುವುದು ರೂಢಿ. ಆದರೆ ಪಾಠ ಕಲಿಯುವುದಾದರೆ 1987ರ ಮಾಂಟ್ರಿಯಲ್ ಒಪ್ಪಂದದಿಂದ ಶುರು ಮಾಡಬೇಕು. ಓಝೋನ್ ಪದರ ಉಳಿಸಲು ಹುಟ್ಟಿದ ಆ ಒಪ್ಪಂದ ಯಾವ ರಾಸಾಯನಿಕ, ಯಾವ ವರ್ಷದೊಳಗೆ, ಎಷ್ಟು ಕಡಿಮೆಯಾಗಬೇಕು ಎಂದು ಬಿಡಿಬಿಡಿಯಾಗಿ ಬರೆಯಿತು. ಬಡ ದೇಶಗಳ ಕಾರ್ಖಾನೆಗಳು ಬದಲಾಗಲು ಪ್ರತ್ಯೇಕ ನಿಧಿಯನ್ನೂ ಕಟ್ಟಿತು. ಅದು ನಿಷೇಧಿಸಿದ ಅನಿಲಗಳು ಭೂಮಿಯನ್ನು ಬಿಸಿ ಮಾಡುವುದರಲ್ಲೂ ಇಂಗಾಲದ ಡೈಆಕ್ಸೈಡ್‌ಗಿಂತ ಸಾವಿರಾರು ಪಟ್ಟು ಪ್ರಬಲವಾಗಿದ್ದವು. ಹಾಗಾಗಿ ಹವಾಮಾನಕ್ಕೆಂದು ಹುಟ್ಟದ ಒಪ್ಪಂದವೊಂದು ಹವಾಮಾನಕ್ಕೆ ದೊಡ್ಡ ಉಪಕಾರ ಮಾಡಿತು. 2016ರ ಕಿಗಾಲಿ ತಿದ್ದುಪಡಿ ಅದೇ ದಾರಿಯಲ್ಲಿ ಎಸಿ, ಫ್ರಿಜ್‌ಗಳ ಎಚ್‌ಎಫ್‌ಸಿ ಅನಿಲಗಳಿಗೆ ಕಡಿವಾಣ ಹಾಕಿದೆ. ಭಾರತ 2021ರಲ್ಲಿ ಅದನ್ನು ಅನುಮೋದಿಸಿತು; 2047ರೊಳಗೆ ಬಳಕೆಯನ್ನು ಶೇ 85ರಷ್ಟು ಇಳಿಸುವುದು ನಮ್ಮ ಹೊಣೆ.

1997ರ ಕ್ಯೋಟೊ ಶಿಷ್ಟಾಚಾರಕ್ಕೆ ಈ ಭಾಗ್ಯ ಇರಲಿಲ್ಲ. ಶ್ರೀಮಂತ ದೇಶಗಳು 2008ರಿಂದ 2012ರ ನಡುವೆ ಹೊರಸೂಸುವಿಕೆಯನ್ನು 1990ರ ಮಟ್ಟಕ್ಕಿಂತ ಸರಾಸರಿ ಶೇ 5ರಷ್ಟು ಇಳಿಸಬೇಕಿತ್ತು. ಅಮೆರಿಕ ಅನುಮೋದಿಸಲೇ ಇಲ್ಲ, ಕೆನಡಾ ನಡುವೆಯೇ ಹೊರನಡೆಯಿತು. 2015ರ ಪ್ಯಾರಿಸ್ ಒಪ್ಪಂದ ಇದರಿಂದ ಕಲಿತ ಪಾಠ: ಪ್ರತಿ ದೇಶವೂ ತನ್ನ ಗುರಿಯನ್ನು ತಾನೇ ಬರೆದುಕೊಂಡು ಐದು ವರ್ಷಕ್ಕೊಮ್ಮೆ ಹೆಚ್ಚಿಸಬೇಕು. ಬಹುತೇಕ ಎಲ್ಲರೂ ಒಳಗೆ ಬಂದರು, ಆದರೆ ಗುರಿ ತಪ್ಪಿದರೆ ದಂಡವಿಲ್ಲ. ಅಮೆರಿಕ 2020ರಲ್ಲಿ ಹೊರಹೋಗಿ, 2021ರಲ್ಲಿ ಮರಳಿ, 2025ರ ಜನವರಿಯಲ್ಲಿ ಮತ್ತೆ ಹೊರಬರುವ ಆದೇಶಕ್ಕೆ ಸಹಿ ಹಾಕಿತು. ಹಣದ ವಿಚಾರದಲ್ಲೂ ಇದೇ ಗತಿ. 2024ರ ಬಾಕು ಸಮಾವೇಶ ಬಡ ದೇಶಗಳಿಗೆ 2035ರ ಹೊತ್ತಿಗೆ ವರ್ಷಕ್ಕೆ 300 ಶತಕೋಟಿ ಡಾಲರ್ ಎಂದು ತೀರ್ಮಾನಿಸಿದಾಗ ಭಾರತ ಸಭೆಯಲ್ಲೇ ಆಕ್ಷೇಪಿಸಿತು. ಆ ಆಕ್ಷೇಪ ಸರಿಯಾಗಿಯೇ ಇತ್ತು. ತಲೆಗೆ ವರ್ಷಕ್ಕೆ ಸುಮಾರು 2 ಟನ್ ಇಂಗಾಲದ ಡೈಆಕ್ಸೈಡ್ ಬಿಡುವ ದೇಶವನ್ನೂ ಅದರ ಆರೇಳು ಪಟ್ಟು ಬಿಡುವ ದೇಶವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ನ್ಯಾಯವಲ್ಲ.

ನ್ಯಾಯ ನಮ್ಮ ಕಡೆ ಇದೆ ಎಂದ ಮಾತ್ರಕ್ಕೆ ನಮ್ಮ ಲೆಕ್ಕವನ್ನು ನಾವೇ ಸಡಿಲ ಬಿಡುವಂತಿಲ್ಲ.

ಭಾರತದ ನೀತಿಯ ಬುನಾದಿ 2008ರ ರಾಷ್ಟ್ರೀಯ ಕ್ರಿಯಾ ಯೋಜನೆ. ಅದರಲ್ಲಿ ಎಂಟು ಅಭಿಯಾನಗಳಿದ್ದವು. 2021ರಲ್ಲಿ ಗ್ಲಾಸ್ಗೊದಲ್ಲಿ ಪ್ರಧಾನಿ 2070ಕ್ಕೆ ನಿವ್ವಳ ಶೂನ್ಯದ ಮಾತು ಕೊಟ್ಟರು. 2022ರಲ್ಲಿ ಗುರಿ ಪರಿಷ್ಕಾರವಾಯಿತು: 2030ರೊಳಗೆ ಜಿಡಿಪಿಯ ಪ್ರತಿ ರೂಪಾಯಿಗೆ ಆಗುವ ಹೊರಸೂಸುವಿಕೆಯನ್ನು 2005ಕ್ಕಿಂತ ಶೇ 45ರಷ್ಟು ತಗ್ಗಿಸುವುದು, ವಿದ್ಯುತ್ ಸಾಮರ್ಥ್ಯದಲ್ಲಿ ಅರ್ಧ ಪಾಲು ಪಳೆಯುಳಿಕೆಯೇತರ ಮೂಲಗಳಿಂದ ಬರುವಂತೆ ಮಾಡುವುದು. ಮೊದಲನೆಯದರಲ್ಲಿ 2020ರ ಹೊತ್ತಿಗೇ ಶೇ 36ರಷ್ಟು ಸಾಧಿಸಿರುವುದಾಗಿ ಭಾರತ ವಿಶ್ವಸಂಸ್ಥೆಗೆ ವರದಿ ಕೊಟ್ಟಿದೆ. ಎರಡನೆಯದನ್ನು ಐದು ವರ್ಷ ಮೊದಲೇ, 2025ರಲ್ಲಿ, ಮುಟ್ಟಿಯಾಗಿದೆ. ಹೆಮ್ಮೆಪಡಬೇಕಾದ ಸಾಧನೆ ಇದು. ಆದರೆ ಸಾಮರ್ಥ್ಯ ಬೇರೆ, ಉತ್ಪಾದನೆ ಬೇರೆ. ಸೂರ್ಯ ಮುಳುಗಿದ ಮೇಲೆ ಫಲಕಗಳು ಸುಮ್ಮನಾಗುತ್ತವೆ, ಶಕ್ತಿನಗರ, ಚಂದ್ರಾಪುರಗಳ ಬಾಯ್ಲರುಗಳು ಉರಿಯುತ್ತಲೇ ಇರುತ್ತವೆ. ತಯಾರಾಗುವ ವಿದ್ಯುತ್ತಿನಲ್ಲಿ ಕಲ್ಲಿದ್ದಲಿನ ಪಾಲು ಇಂದಿಗೂ ಮುಕ್ಕಾಲರ ಆಸುಪಾಸಿನಲ್ಲಿದೆ. ರೂಪಾಯಿಗೆ ಇಷ್ಟು ಎಂಬ ಗುರಿಯೂ ಹಾಗೆಯೇ. ಆದಾಯ ವೇಗವಾಗಿ ಬೆಳೆದರೆ ಒಟ್ಟು ಹೊಗೆ ಹೆಚ್ಚುತ್ತಲೇ ಇದ್ದರೂ ಗುರಿ ಮುಟ್ಟಬಹುದು.

ಅಳತೆ ಕಟ್ಟುನಿಟ್ಟಾದರೆ ಏನಾಗುತ್ತದೆ ಎಂಬುದಕ್ಕೆ ಪುಣೆಯಲ್ಲೇ ಉದಾಹರಣೆ ಇದೆ. ಇಲ್ಲಿನ ವೇತಾಳ ಗುಡ್ಡದ ಮಗ್ಗುಲಲ್ಲಿ 1966ರಲ್ಲಿ ಸ್ಥಾಪನೆಯಾದ ವಾಹನ ಸಂಶೋಧನಾ ಸಂಸ್ಥೆ ಎಆರ್‌ಎಐ ಇದೆ. ಅಲ್ಲಿ ಹೊಸ ಕಾರನ್ನು ಉರುಳೆಗಳ ಮೇಲೆ ನಿಲ್ಲಿಸುತ್ತಾರೆ. ಚಕ್ರ ತಿರುಗುತ್ತದೆ, ಕಾರು ಇದ್ದಲ್ಲೇ ಇರುತ್ತದೆ. ಎದುರಿನ ಪರದೆಯ ಮೇಲೆ ವೇಗದ ಗೆರೆ ಏರಿಳಿಯುತ್ತದೆ, ಚಾಲಕ ಆ ಗೆರೆ ತಪ್ಪದಂತೆ ಆಕ್ಸಿಲರೇಟರ್ ಒತ್ತುತ್ತಾನೆ. ನಿಲ್ಲುವುದು, ಹೊರಡುವುದು, ಗಂಟೆಗೆ 90 ಕಿ.ಮೀ.ವರೆಗೆ ಏರುವುದು, ಮತ್ತೆ ನಿಲ್ಲುವುದು. ಅಷ್ಟು ಹೊತ್ತೂ ಕೊಳವೆಯಿಂದ ಬಂದ ಹೊಗೆಯ ಮಾದರಿ ಚೀಲಗಳಲ್ಲಿ ತುಂಬುತ್ತದೆ. ಕೊನೆಗೆ ಕಿಲೋಮೀಟರಿಗೆ ಇಷ್ಟು ಗ್ರಾಂ ಎಂಬ ಅಂಕಿ ಹೊರಬೀಳುತ್ತದೆ. ಇಂಥ ಅಂಕಿಗಳ ಮೇಲೆಯೇ ದೇಶದ ಕಾರುಗಳ ಇಂಧನ ದಕ್ಷತೆಯ ನಿಯಮ ನಿಂತಿದೆ. ಕಂಪನಿಯೊಂದು ಮಾರುವ ಎಲ್ಲ ಕಾರುಗಳ ಸರಾಸರಿ 2017-18ರಿಂದ 130 ಗ್ರಾಂ, 2022-23ರಿಂದ 113 ಗ್ರಾಂ ದಾಟಬಾರದು. ಯಾರ ಹೃದಯ ಪರಿವರ್ತನೆಯನ್ನೂ ಕಾಯದೆ ಎಂಜಿನ್‌ಗಳು ಬದಲಾದದ್ದು ಈ ಗ್ರಾಂ ಲೆಕ್ಕದಿಂದ.

ಆದರೆ ಪ್ರಯೋಗಶಾಲೆಯಿಂದ ಹೊರಗೆ, ಸ್ವಾರಗೇಟ್‌ನ ಟ್ರಾಫಿಕ್‌ಗೆ ಬಂದರೆ ಈ ಕಟ್ಟುನಿಟ್ಟು ಕಾಣುವುದಿಲ್ಲ. 2006ರಲ್ಲಿ ಕಾತ್ರಜ್-ಸ್ವಾರಗೇಟ್-ಹಡಪ್ಸರ್ ಮಾರ್ಗದಲ್ಲಿ ಬಸ್ಸಿಗೆಂದೇ ಮೀಸಲಾದ ಪಥ ತೆರೆದು ಪುಣೆ ದೇಶಕ್ಕೇ ಮೊದಲನೆಯದಾಯಿತು. ಅದೇ ವರ್ಷ ಕೇಂದ್ರದ ನಗರ ಸಾರಿಗೆ ನೀತಿಯೂ ಬಂತು. ರಸ್ತೆ ಇರುವುದು ಜನರ ಓಡಾಟಕ್ಕೆ, ವಾಹನಗಳ ಓಡಾಟಕ್ಕಲ್ಲ ಎಂಬುದು ಅದರ ತಿರುಳು. ಮುಂದೆ ಆ ಪಥಗಳು ಸೊರಗಿದವು. ನಗರ್ ರಸ್ತೆಯಲ್ಲಿ ಅದನ್ನು ಕಿತ್ತೇಹಾಕಲಾಯಿತು. 2018ರಲ್ಲಿ ಊರಿನ ನೋಂದಾಯಿತ ವಾಹನಗಳ ಸಂಖ್ಯೆ ಜನಸಂಖ್ಯೆಯನ್ನು ಮೀರಿತು. ಬಸ್ ಪಥ ತೆಗೆದದ್ದರಿಂದ ಎಷ್ಟು ಟನ್ ಹೊಗೆ ಹೆಚ್ಚಿತು ಎಂಬುದು ದೆಹಲಿಯ ಯಾವ ವರದಿಯಲ್ಲೂ ಬರುವುದಿಲ್ಲ, ಏಕೆಂದರೆ ನಮ್ಮ ಗುರಿಗಳು ದೇಶದ ಮಟ್ಟದಲ್ಲಿವೆ, ನಿರ್ಧಾರಗಳು ವಾರ್ಡಿನ ಮಟ್ಟದಲ್ಲಿ ಆಗುತ್ತವೆ. ಈ ನಡುವಿನ ಕಂದಕವೇ ಭಾರತದ ಹವಾಮಾನ ನೀತಿಯ ದೊಡ್ಡ ದೌರ್ಬಲ್ಯ.

ಇದೇ ಪುಣೆ 2019ರಲ್ಲಿ ವಿದ್ಯುತ್ ಬಸ್ಸುಗಳನ್ನು ಬೀದಿಗಿಳಿಸಿತು; ಭೇಕರಾಯ್‌ನಗರದಲ್ಲಿ ಅವಕ್ಕೆಂದೇ ಡಿಪೊ ಮಾಡಿತು. ಆ ಬಸ್ಸಿನ ಲೆಕ್ಕವನ್ನೂ ಪ್ರಾಮಾಣಿಕವಾಗಿ ನೋಡೋಣ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಬರುತ್ತದೆ. ಲೀಟರಿಗೆ 3 ಕಿ.ಮೀ. ಓಡುವ ಬಸ್ಸು ಕಿಲೋಮೀಟರಿಗೆ 900 ಗ್ರಾಂ ಬಿಡುತ್ತದೆ. ನಮ್ಮ ವಿದ್ಯುತ್ ಜಾಲದ ಒಂದು ಯೂನಿಟ್ಟಿನ ಬೆನ್ನ ಹಿಂದೆ ಸುಮಾರು 700 ಗ್ರಾಂ ಇದೆ. ಕಿಲೋಮೀಟರಿಗೆ 1.2 ಯೂನಿಟ್ ಬಳಸುವ ವಿದ್ಯುತ್ ಬಸ್ಸಿನ ಪಾಲು 840 ಗ್ರಾಂ. ಊರಿನ ಗಾಳಿಗೆ, ಸಿಗ್ನಲ್‌ನಲ್ಲಿ ನಿಂತವರ ಶ್ವಾಸಕೋಶಕ್ಕೆ ಇದರಿಂದ ಆಗುವ ಲಾಭ ನಿರ್ವಿವಾದ. ಭೂಮಿಗೆ ದೊಡ್ಡ ಲಾಭವಾಗಬೇಕಾದರೆ ಮಾತ್ರ ಜಾಲ ಶುದ್ಧವಾಗಬೇಕು, ಜನ ಸ್ಕೂಟರ್ ಬಿಟ್ಟು ಬಸ್ ಹತ್ತಬೇಕು. 2017ರಲ್ಲಿ ಎಲ್ಲ ರಾಜ್ಯಗಳಿಗಿಂತ ಮೊದಲು ವಿದ್ಯುತ್ ವಾಹನ ನೀತಿ ತಂದ ಕರ್ನಾಟಕಕ್ಕೂ, 2018ರಲ್ಲಿ ತನ್ನ ನೀತಿ ಪ್ರಕಟಿಸಿದ ಮಹಾರಾಷ್ಟ್ರಕ್ಕೂ ಈ ಮಾತು ಒಂದೇ.

ಸಿಮೆಂಟ್ ಇನ್ನೂ ಕಠಿಣ ಪ್ರಕರಣ. ಸುಣ್ಣಕಲ್ಲನ್ನು ಕಾಯಿಸಿದಾಗ ಕಲ್ಲಿನೊಳಗಿನ ಇಂಗಾಲವೇ ಹೊರಬರುತ್ತದೆ. ಸಿಮೆಂಟಿನ ಹೊರಸೂಸುವಿಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಈ ರಾಸಾಯನಿಕ ಕ್ರಿಯೆಯದು. ಗೂಡಿಗೆ ಸೌರಶಕ್ತಿ ಕೊಟ್ಟರೂ ಅದು ನಿಲ್ಲದು. ಹಾರುಬೂದಿ ಬೆರೆಸಿ ಕಲ್ಲಿನ ಪ್ರಮಾಣ ಇಳಿಸುವುದೇ ಸದ್ಯದ ದಾರಿ. 2012ರಲ್ಲಿ ಶುರುವಾದ ‘ಪ್ಯಾಟ್’ ಯೋಜನೆ 478 ದೊಡ್ಡ ಕಾರ್ಖಾನೆಗಳಿಗೆ ಇಂಧನ ಉಳಿತಾಯದ ಗುರಿ ಕೊಟ್ಟಿತು. ಮೊದಲ ಸುತ್ತಿನಲ್ಲಿ ಗುರಿ ಮೀರಿದ ಸಾಧನೆಯಾಯಿತು, ಹಾಗಾದರೆ ಗುರಿಯೇ ಸಡಿಲವಾಗಿತ್ತೇ ಎಂಬ ಅನುಮಾನವೂ ಉಳಿಯಿತು. ಈಗ 2023ರ ಇಂಗಾಲ ವಹಿವಾಟು ಯೋಜನೆಯಡಿ ಸಿಮೆಂಟ್, ಅಲ್ಯೂಮಿನಿಯಂ, ಕಾಗದ, ಕ್ಲೋರ್-ಆಲ್ಕಲಿ ಕಾರ್ಖಾನೆಗಳಿಗೆ 2025ರ ಅಕ್ಟೋಬರ್‌ನಲ್ಲಿ ಗುರಿಗಳು ನಿಗದಿಯಾಗಿವೆ. ವಾಡಿಯ ಗೂಡುಗಳು ಈ ಮಾರುಕಟ್ಟೆಗೆ ಬರುತ್ತವೆ. ಗುರಿ ಬಿಗಿಯಾಗಿದ್ದರೆ ಮಾತ್ರ ಇಂಗಾಲಕ್ಕೆ ಬೆಲೆ ಇರುತ್ತದೆ.

ನಾವು ಬೆಲೆ ಕಟ್ಟದಿದ್ದರೆ ಬೇರೆಯವರು ಕಟ್ಟುತ್ತಾರೆ. ಐರೋಪ್ಯ ಒಕ್ಕೂಟ 2026ರ ಜನವರಿ 1ರಿಂದ ಉಕ್ಕು, ಸಿಮೆಂಟ್, ಅಲ್ಯೂಮಿನಿಯಂ ಮುಂತಾದ ಆಮದುಗಳಿಗೆ ಇಂಗಾಲದ ಗಡಿ ಶುಲ್ಕ ಜಾರಿಗೆ ತಂದಿದೆ. ಕೊಪ್ಪಳದ ಗಿಣಿಗೇರಾದಲ್ಲಿ ಉಕ್ಕು ಮಾಡುವ ಕಂಪನಿಯ ಕೇಂದ್ರ ಕಚೇರಿ ಇರುವುದು ಪುಣೆಯಲ್ಲಿ. ಎರಡೂ ರಾಜ್ಯದವರಿಗೆ ಇದು ದೂರದ ಸುದ್ದಿಯಲ್ಲ. ಶುಲ್ಕ ಏಕಪಕ್ಷೀಯ ಎಂದು ಭಾರತ ವಾದಿಸುತ್ತಿರುವುದು ನ್ಯಾಯವೇ. ಜೊತೆಗೆ ಪ್ರತಿ ಟನ್ ಉಕ್ಕಿನ ಹಿಂದೆ ಎಷ್ಟು ಹೊಗೆ ಇದೆ ಎಂಬ ದಾಖಲೆ ನಮ್ಮ ಕೈಯಲ್ಲಿ ಇದ್ದರೆ ಆ ವಾದಕ್ಕೆ ಬಲ ಬರುತ್ತದೆ.

ಇನ್ನು ಹೊರೆಯ ಪ್ರಶ್ನೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸೌರ ಉದ್ಯಾನವಿದೆ. ರೈತರಿಂದ ಜಮೀನು ಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂ.ನಂತೆ ಗುತ್ತಿಗೆಗೆ ಪಡೆದದ್ದು ದೇಶಕ್ಕೆ ಮಾದರಿಯಾದ ನಡೆ. ಆದರೆ ಬಾಡಿಗೆ ಬಂದದ್ದು ಪಹಣಿಯಲ್ಲಿ ಹೆಸರಿದ್ದವರಿಗೆ. ಅದೇ ಹೊಲಗಳಲ್ಲಿ ಕಳೆ ಕಿತ್ತು, ಕಡಲೆಕಾಯಿ ಬಿಡಿಸಿ ಬದುಕುತ್ತಿದ್ದ ಭೂಮಿಯಿಲ್ಲದವರ ಕೂಲಿ ಹೋಯಿತು. ಅವರಿಗೆ ಗುತ್ತಿಗೆ ಪತ್ರದಲ್ಲಿ ಜಾಗವಿರಲಿಲ್ಲ.

ಪುಣೆಯಲ್ಲಿ ಇದಕ್ಕೆ ಉತ್ತರದ ಒಂದು ತುಣುಕು ಇದೆ. ಚಿಂದಿ ಆಯುವವರು 1993ರಲ್ಲಿ ‘ಕಾಗದ್ ಕಾಚ್ ಪತ್ರಾ ಕಷ್ಟಕರಿ ಪಂಚಾಯತ್’ ಎಂಬ ಸಂಘಟನೆ ಕಟ್ಟಿದರು. ಅದರಿಂದ ಹುಟ್ಟಿದ ‘ಸ್ವಚ್ಛ್’ ಸಹಕಾರಿ ಸಂಘ ಪಾಲಿಕೆಯೊಂದಿಗೆ ಒಪ್ಪಂದ ಮಾಡಿಕೊಂಡು 2008ರಿಂದ ಮನೆಮನೆಯ ಕಸ ಎತ್ತುತ್ತಿದೆ. ಸದಸ್ಯರಲ್ಲಿ ಹೆಚ್ಚಿನವರು ದಲಿತ ಹೆಣ್ಣುಮಕ್ಕಳು. ಅವರು ತಳ್ಳುಗಾಡಿಯ ಬದಿಯಲ್ಲಿ ನಿಂತು ಹಸಿ ಕಸ, ಒಣ ಕಸ ಬೇರೆ ಮಾಡುತ್ತಾರೆ. ಹಾಲಿನ ಕವರು, ರಟ್ಟು, ಬಾಟಲಿ ಬೇರೆ ಬೇರೆ ಚೀಲ ಸೇರುತ್ತವೆ. ಹಸಿ ಕಸ ಗುಡ್ಡೆ ಸೇರಿ ಕೊಳೆತರೆ ಮೀಥೇನ್ ಹುಟ್ಟುತ್ತದೆ, ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ನ ಸುಮಾರು 28 ಪಟ್ಟು ಬಿಸಿ ತರುತ್ತದೆ. ಆನಂದ ಕರ್ವೆ ಅವರು ಇದೇ ಊರಿನಲ್ಲಿ 1996ರಲ್ಲಿ ಕಟ್ಟಿದ ‘ಆರ್ತಿ’ ಸಂಸ್ಥೆ ಅಡುಗೆಮನೆಯ ಉಳಿಕೆಯಿಂದಲೇ ಅನಿಲ ಕೊಡುವ ಪುಟ್ಟ ಸ್ಥಾವರ ರೂಪಿಸಿ 2006ರಲ್ಲಿ ಆಶ್ಡೆನ್ ಪ್ರಶಸ್ತಿ ಪಡೆಯಿತು. ಪುಣೆಯ ಉದ್ದಗಲಕ್ಕೂ ಇರುವ ನಮ್ಮ ಉಡುಪಿ ಹೋಟೆಲುಗಳಿಗೆ ಇದಕ್ಕಿಂತ ಹತ್ತಿರದ ಹವಾಮಾನ ಕಾರ್ಯಕ್ರಮ ಬೇಕೇ? ಕಸ ಬೇರೆ ಮಾಡುವ ಹೆಂಗಸರ ದುಡಿಮೆಯಿಂದ ತಪ್ಪಿದ ಮೀಥೇನನ್ನು ಅಳೆದು, ಅದರ ಬೆಲೆಯನ್ನು ಅವರಿಗೇ ಕೊಡುವ ನೀತಿ ಬರಬೇಕು.

ಈ ಸಂಕಿರಣದಲ್ಲಿ ಮಂಡನೆಯಾಗುವ ಪ್ರಬಂಧಗಳು ಚೆನ್ನಾಗಿಯೇ ಇರುತ್ತವೆ. ಅವುಗಳ ಜೊತೆಗೆ ಒಂದು ನಿರ್ಣಯವೂ ಹೊರಬರಲಿ. ಪುಣೆ, ಪಿಂಪ್ರಿ-ಚಿಂಚ್‌ವಾಡ, ಸೊಲ್ಲಾಪುರ, ಕಲಬುರಗಿ, ಬೆಳಗಾವಿ ಪಾಲಿಕೆಗಳು ಪ್ರತಿ ವರ್ಷ ಬಜೆಟ್ ಮಂಡಿಸುವಾಗಲೇ ಊರಿನ ಹೊಗೆಯ ಲೆಕ್ಕವನ್ನೂ ಮಂಡಿಸಬೇಕು. ಯಾವ ರಸ್ತೆ, ಯಾವ ಮೇಲ್ಸೇತುವೆ, ಯಾವ ಬಸ್ ಪಥ ಅದನ್ನು ಏರಿಸಿತು ಅಥವಾ ಇಳಿಸಿತು ಎಂಬುದನ್ನು ಮರಾಠಿಯಲ್ಲಿ, ಕನ್ನಡದಲ್ಲಿ ಜನರ ಮುಂದಿಡಬೇಕು. ಆ ಲೆಕ್ಕದ ನಮೂನೆಯನ್ನು ತಯಾರಿಸಿಕೊಡುವ ಸಾಮರ್ಥ್ಯ ಈ ಸಭಾಂಗಣದಲ್ಲಿ ಕುಳಿತವರಿಗೆ ಇದೆ. ದಯವಿಟ್ಟು ಆ ಕೆಲಸವನ್ನು ಇಲ್ಲಿಂದಲೇ ಆರಂಭಿಸಿ.