ಹಬ್ಬದ ಸ್ವಚ್ಛತೆ ಮತ್ತು ಮನೆಯ ಬೆಕ್ಕು

ದೀಪಾವಳಿ ಹತ್ತಿರ ಬಂತು. ಪಟಾಕಿ ಸದ್ದಿಗೆ ಬೆಕ್ಕು ಅಂಜ್ತಾವ ಅನ್ನೋದು ಎಲ್ಲರಿಗೂ ಗೊತ್ತು. ಇವತ್ತು ನಾನು ಹೇಳೋದು ಸದ್ದು ಮಾಡದ ಅಪಾಯದ ಬಗ್ಗೆ.

ನಮ್ಮದು ಹುಕ್ಕೇರಿ ತಾಲೂಕಿನ ಬೆಲ್ಲದ ಬಾಗೇವಾಡಿ. ಹೋದ ವರ್ಷ ನೀರು ತುಂಬುವ ಹಬ್ಬದ ಹಿಂದಿನ ದಿನ ಇಡೀ ಮನೆ ತೊಳೆದೆ. ವಾಸನೆ ಬಂದರೇನೇ ಸ್ವಚ್ಛ ಅಂತ ನಮ್ಮ ಲೆಕ್ಕ. ಫಿನೈಲ್ ಅಳತೆ ನೋಡದೆ ಸುರಿದೆ. ಹಸಿ ನೆಲದ ಮೇಲೆ ನಮ್ಮ ಕೆಂಚಿ ಅಡ್ಡಾಡಿತು, ಮೂಲೆಯಲ್ಲಿ ಕುಂತು ಕಾಲು ನೆಕ್ಕಿಕೊಂಡಿತು. ಸಂಜೆಗೆ ಬಾಯಿಂದ ಜೊಲ್ಲು, ನಡೆದರೆ ತೂರಾಟ. "ಪಟಾಕಿಗೆ ಅಂಜೇತಿ, ಬಿಡು" ಅಂದಳು ಅವ್ವ. ನಾನೂ ಬಿಟ್ಟೆ. ಮರುದಿನ ಡಾಕ್ಟರ ಹತ್ತಿರ ಒಯ್ಯುವಷ್ಟರಲ್ಲಿ ತಡವಾಗಿತ್ತು. ಕೆಂಚಿ ಉಳಿಯಲಿಲ್ಲ.

ಡಾಕ್ಟರು ಹೇಳಿದ ಮಾತು ಈಗಲೂ ನೆನಪೈತಿ. ಬೆಕ್ಕು ಮೈ ನೆಕ್ಕಿಯೇ ಸ್ವಚ್ಛ ಆಗೋ ಪ್ರಾಣಿ. ಕಾಲಿಗೆ ಹತ್ತಿದ್ದೆಲ್ಲ ಹೊಟ್ಟೆಗೆ ಹೋಗತೈತಿ. ಫಿನೈಲ್‌ನಲ್ಲಿರುವಂಥ ವಿಷವನ್ನು ಕರಗಿಸಿ ಹೊರಹಾಕುವ ಶಕ್ತಿ ಅದರ ಲಿವರ್‌ಗೆ ಬಹಳ ಕಡಿಮೆ. ಪ್ಯಾರಾಸಿಟಮಾಲ್ ಕೂಡ ಇದೇ ಕಾರಣಕ್ಕೆ ವಿಷ. 500 ಮಿಲಿಗ್ರಾಂನ ಒಂದೇ ಗುಳಗಿ ಬೆಕ್ಕಿನ ಜೀವ ತೆಗೆಯಬಲ್ಲದು. "ಮೈ ಬಿಸಿ ಐತಿ, ಅರ್ಧ ಗುಳಗಿ ಹಾಕೋಣ" ಅನ್ನಬ್ಯಾಡ್ರಿ.

ಈಗ ಕೆಂಚಿಯ ಮರಿ ನಮ್ಮಲ್ಲಿ ಬೆಳೀತಾ ಇದೆ. ಅದಕ್ಕಾಗಿ ಕೆಲವು ರೂಢಿ ಮಾಡಿಕೊಂಡೇವಿ. ನೆಲವನ್ನು ಬರೀ ಸಾಬೂನು ನೀರಲ್ಲಿ ಒರೆಸಿ, ಮೇಲೆ ಒಳ್ಳೆ ನೀರು ಹಾಕ್ತೇವಿ. ಒಣಗುವ ತನಕ ಮರಿ ಬೇರೆ ಕೋಣೆಯಲ್ಲಿ. ಅಟ್ಟ ಸ್ವಚ್ಛ ಮಾಡುವಾಗ ಹಳೆಯ ಇಲಿ ಪಾಷಾಣ ಉದುರಿದ್ದರೆ ಆರಿಸಿ ತೆಗೀತೇವಿ. ಚೆಂಡು ಹೂವಿನ ಮಾಲೆ ಕಟ್ಟಿ ಉಳಿದ ದಾರ, ಸೂಜಿ ಡಬ್ಬಿಗೆ ಹೋಗಬೇಕು. ದಾರ ನುಂಗಿದರೆ ಕರುಳು ಕೊಯ್ಯತೈತಿ; ಬಾಯಿಂದಾಗಲಿ ಹಿಂದಿನಿಂದಾಗಲಿ ತುದಿ ಕಂಡರೆ ಎಳೀಬ್ಯಾಡ್ರಿ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಹಾಕಿದ ಅಡುಗೆ ಕೊಡಬ್ಯಾಡ್ರಿ, ಅದು ಬೆಕ್ಕಿನ ರಕ್ತ ಕೆಡಸತೈತಿ. ಹಣತೆ ಮಾತ್ರ ಬಾಲ ತಾಗದಷ್ಟು ಎತ್ತರಕ್ಕಿರಲಿ.

ಅಕಸ್ಮಾತ್ ಫಿನೈಲ್ ತುಳಿದರೆ ತಕ್ಷಣ ಕಾಲನ್ನು ಸಾಬೂನು ಹಚ್ಚಿ ತೊಳೀರಿ. ಮತ್ತೆ ನೆಕ್ಕದಂತೆ ಟವೆಲ್‌ನಲ್ಲಿ ಸುತ್ತಿರಿ. ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಬ್ಯಾಡ್ರಿ; ವಾಪಸ್ ಬರುವಾಗ ಗಂಟಲೂ ಸುಡತೈತಿ. ಫಿನೈಲ್ ಬಾಟಲಿ ಜೊತೆಗೇ ತಗೊಂಡು ಪಶು ಆಸ್ಪತ್ರೆಗೆ ಹೋಗ್ರಿ. ಹಬ್ಬದ ರಜೆಯಲ್ಲಿ ಯಾರು ಸಿಗ್ತಾರ ಅಂತ ಮೊದಲೇ ಕೇಳಿಟ್ಟುಕೊಳ್ರಿ. ಪಶು ಸಹಾಯವಾಣಿ 1962, ಗೋಡೆ ಮೇಲೆ ಬರೆದಿಡ್ರಿ.

ಬೆಕ್ಕು ಜೊಲ್ಲು ಸುರಿಸಿದರೆ, ತೂರಾಡಿದರೆ, "ಅಂಜೇತಿ" ಅಂತ ನಮ್ಮಂಗ ಬಿಡಬ್ಯಾಡ್ರಿ. ಅಂದೇ ಹೊರಡ್ರಿ. ಹಬ್ಬ ಎಲ್ಲರಿಗೂ ಒಳ್ಳೇದು ಮಾಡಲಿ. ಮುಂದಿನ ವಾರ ಸಿಗೋಣ್ರಿ.