ಮನೆಯಿಂದ ಕಚೇರಿ ಕೆಲಸ: ಡಿಜಿಟಲ್ ಸಹಿ ಕೀಲಿಯ ಸುರಕ್ಷತೆ ಕುರಿತು

(ಮಧುಗಿರಿ, ಶಿರಾ, ಕೊರಟಗೆರೆ ಹಾಗೂ ಪಾವಗಡ ತಾಲ್ಲೂಕುಗಳ ಪಂಚಾಯತ್ ಅಭಿವೃದ್ಧಿ ಅಧಿಕಾರಿಗಳು, ಕಾರ್ಯದರ್ಶಿಗಳು ಮತ್ತು ಡಾಟಾ ಎಂಟ್ರಿ ಆಪರೇಟರ್‌ಗಳ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಮನೆಯಿಂದ ಕೆಲಸ ಎಂದೊಡನೆ ನಮ್ಮ ಕಣ್ಣಿಗೆ ಬರುವವನು ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿ. 2020ರ ಮಾರ್ಚ್ ತಿಂಗಳ ಲಾಕ್‌ಡೌನ್ ತರುವಾಯ ಆ ಮಾತು ಎಲ್ಲರ ಬಾಯಲ್ಲಿ ಬಂದರೂ, ಅದು ಗ್ರಾಮ ಪಂಚಾಯಿತಿಗೆ ಸಂಬಂಧಿಸಿದ್ದಲ್ಲವೆಂದು ಭಾವಿಸಿದ್ದೇವೆ. ವಾಸ್ತವ ಬೇರೆಯೇ ಇದೆ. ಹಗಲಿನಲ್ಲಿ ಕಚೇರಿಯ ಮುಂದೆ ಜನ, ಸಭೆ, ಸ್ಥಳ ಪರಿಶೀಲನೆ; ನಡುವೆ ಸರ್ವರ್ ನಿಧಾನ, ಇಲ್ಲವೇ ವಿದ್ಯುತ್ ಕಡಿತ. ಹೀಗಾಗಿ ರಾತ್ರಿ ಊಟವಾದ ಮೇಲೆ ಮನೆಯ ಲ್ಯಾಪ್‌ಟಾಪ್ ತೆರೆದು ಇ-ಸ್ವತ್ತು ಅರ್ಜಿಗಳಿಗೆ ಸಹಿ ಹಾಕುವವರು, ಪಾವತಿ ಕಡತ ಮುಗಿಸುವವರು ಈ ಸಭಾಂಗಣದಲ್ಲಿಯೇ ಅನೇಕರಿದ್ದೀರಿ. ಅದು ಕರ್ತವ್ಯನಿಷ್ಠೆ, ಆಕ್ಷೇಪಿಸಲು ನಾನು ಬಂದಿಲ್ಲ. ಆದರೆ ಹಾಗೆ ಮನೆಗೆ ಹೋಗುವ ಚೀಲದೊಳಗೆ ಬೆರಳುದ್ದದ ಒಂದು ವಸ್ತುವಿದೆ. ನನ್ನ ಮಾತು ಬಹುಮಟ್ಟಿಗೆ ಅದರ ಕುರಿತೇ ಇರುತ್ತದೆ.

ಮಧುಗಿರಿಯ ಏಕಶಿಲಾ ಬೆಟ್ಟದ ಕೋಟೆಯನ್ನು ತಾವೆಲ್ಲರೂ ಬಲ್ಲಿರಿ. ಅದರ ಬಾಗಿಲುಗಳಲ್ಲಿ ಒಂದಕ್ಕೆ ದಿಡ್ಡಿ ಬಾಗಿಲು ಎಂದು ಹೆಸರು. ಕೋಟೆ ಎಷ್ಟೇ ಎತ್ತರವಿದ್ದರೂ ಸಣ್ಣ ಬಾಗಿಲೊಂದು ಇದ್ದೇ ಇರುತ್ತದೆ, ಅದರ ಕೀಲಿಯೂ ಯಾರದೋ ಸೊಂಟದಲ್ಲಿ ಇರುತ್ತದೆ. ಬೆಂಗಳೂರಿನ ದತ್ತಾಂಶ ಕೇಂದ್ರಕ್ಕೆ ಎಷ್ಟೇ ಭದ್ರ ಕಾವಲಿರಲಿ, ತಮ್ಮ ಡಿಜಿಟಲ್ ಸಹಿಯ ಡಾಂಗಲ್ ಆ ದಿಡ್ಡಿ ಬಾಗಿಲ ಕೀಲಿಯೇ ಸರಿ.

ಡಾಂಗಲ್ ಕೆಲಸ ಮಾಡುವ ರೀತಿಯನ್ನು ತಿಳಿಯುವುದು ಅಗತ್ಯ. ಸಹಿಯ ಗುಪ್ತ ಕೀಲಿಯು ಆ ಸಾಧನದೊಳಗೇ ಇರುತ್ತದೆ. ಪೆನ್‌ಡ್ರೈವಿನಿಂದ ಕಡತ ನಕಲಿಸಿದಂತೆ ಅದನ್ನು ನಕಲಿಸಿಕೊಳ್ಳಲು ಬರುವುದಿಲ್ಲ. ಆದುದರಿಂದ ಕಳ್ಳನಿಗೆ ಎರಡು ಸಂಗತಿಗಳು ಬೇಕು: ಸಾಧನವು ಕಂಪ್ಯೂಟರಿಗೆ ಜೋಡಣೆಯಾಗಿರಬೇಕು, ಅದರ ಗುಪ್ತಪದ ತಿಳಿದಿರಬೇಕು. ಗುಪ್ತಪದವನ್ನು ಚೀಟಿಯಲ್ಲಿ ಬರೆದು ಡಾಂಗಲ್‌ಗೇ ಅಂಟಿಸಿ, ರಾತ್ರಿಯಿಡೀ ಅದನ್ನು ಲ್ಯಾಪ್‌ಟಾಪಿನಲ್ಲಿಯೇ ಬಿಟ್ಟರೆ ಎರಡನ್ನೂ ನಾವೇ ಒದಗಿಸಿದಂತಾಯಿತು. ಸಹಿ ಮುಗಿದ ಕೂಡಲೇ ಡಾಂಗಲ್ ತೆಗೆದಿಡುವುದಕ್ಕಿಂತ ಅಗ್ಗದ ರಕ್ಷಣೆ ನನಗಂತೂ ಗೊತ್ತಿಲ್ಲ.

ಅಧ್ಯಕ್ಷರ ಡಾಂಗಲ್, ಅಭಿವೃದ್ಧಿ ಅಧಿಕಾರಿಯ ಡಾಂಗಲ್ ಎರಡೂ ಒಬ್ಬರೇ ಆಪರೇಟರ್ ಬಳಿ ಇರುವ ರೂಢಿಯ ಬಗ್ಗೆಯೂ ಸ್ಪಷ್ಟವಾಗಿ ಹೇಳಬೇಕಾಗಿದೆ. ಪಾವತಿಗೆ ಇಬ್ಬರ ಸಹಿ ಬೇಕೆಂಬ ವ್ಯವಸ್ಥೆ ಇರುವುದು ಒಬ್ಬರನ್ನೊಬ್ಬರು ನೋಡಿಕೊಳ್ಳಲೆಂದು. ಎರಡೂ ಕೀಲಿಗಳು ಒಂದೇ ಮೇಜಿನ ಖಾನೆ ಸೇರಿದರೆ ಆ ವ್ಯವಸ್ಥೆಗೆ ಅರ್ಥವೇ ಉಳಿಯದು. ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 42ನೇ ಪ್ರಕರಣವು ಕೀಲಿಯನ್ನು ಸ್ವಾಧೀನದಲ್ಲಿ ಇಟ್ಟುಕೊಳ್ಳಲು ಸೂಕ್ತ ಎಚ್ಚರ ವಹಿಸುವ ಹೊಣೆಯನ್ನು ಸಹಿದಾರರ ಮೇಲೆಯೇ ಹೊರಿಸಿದೆ. ಕೀಲಿ ಪರರ ಪಾಲಾಯಿತೆಂದು ಪ್ರಮಾಣೀಕರಿಸುವ ಸಂಸ್ಥೆಗೆ ತಿಳಿಸುವವರೆಗೂ ಹೊಣೆ ಸಹಿದಾರರದೇ. ಪರರ ಡಿಜಿಟಲ್ ಸಹಿ ಅಥವಾ ಗುಪ್ತಪದವನ್ನು ವಂಚನೆಯಿಂದ ಬಳಸಿದವರಿಗೆ 66-ಸಿ ಪ್ರಕರಣದಡಿ ಮೂರು ವರ್ಷಗಳವರೆಗೆ ಸೆರೆವಾಸ ಹಾಗೂ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಆಪರೇಟರ್ ಮಿತ್ರರು ಮೇಲಧಿಕಾರಿಯ ಕೀಲಿಯನ್ನು ಒಲ್ಲೆವೆಂದರೆ ಅದು ಅವಿಧೇಯತೆಯಲ್ಲ. ನಾಳೆ ತಪ್ಪು ನಡೆದಾಗ ಮೊದಲು ಬೆರಳು ತಿರುಗುವುದು ಅವರತ್ತಲೇ.

ಇನ್ನು ಮನೆಯ ಲ್ಯಾಪ್‌ಟಾಪ್. 2025ರ ಜುಲೈನಲ್ಲಿ ಕಾಯಿನ್‌ಡಿಸಿಎಕ್ಸ್ ಎಂಬ ಕ್ರಿಪ್ಟೋ ವಹಿವಾಟು ಸಂಸ್ಥೆಯಿಂದ ಸುಮಾರು 4.4 ಕೋಟಿ ಡಾಲರ್ ಕಳುವಾಯಿತು. ಸಂಸ್ಥೆ ಕೊಟ್ಟಿದ್ದ ಲ್ಯಾಪ್‌ಟಾಪಿನಲ್ಲಿ ಉದ್ಯೋಗಿಯೊಬ್ಬರು ಹೊರಗಿನ ಅರೆಕಾಲಿಕ ಕೆಲಸವನ್ನೂ ಮಾಡುತ್ತಿದ್ದರು, ಆ ದಾರಿಯಿಂದ ಕುತಂತ್ರಾಂಶ ಒಳಸೇರಿತು ಎಂಬುದು ಬೆಂಗಳೂರು ಪೊಲೀಸರು ಹೇಳಿದ ವಿವರಣೆ. ಇದು ಆರೋಪ, ತೀರ್ಪಲ್ಲ. ಆದರೆ ಕಚೇರಿ ಕೆಲಸಕ್ಕೂ ಖಾಸಗಿ ಕೆಲಸಕ್ಕೂ ಒಂದೇ ಯಂತ್ರ ಎಂಬ ಸ್ಥಿತಿ ನಮಗೆ ಪರಿಚಿತವಲ್ಲವೇ? ಮಕ್ಕಳು ಆಟ ಇಳಿಸಿಕೊಂಡ, ಪುಕ್ಕಟೆ ಚಲನಚಿತ್ರ ನೋಡಿದ ಯಂತ್ರಕ್ಕೆ ಡಾಂಗಲ್ ಜೋಡಿಸುವುದು ಸಲ್ಲದು. ಮೊಬೈಲಿಗೆ ಮದುವೆಯ ಕರೆಯೋಲೆ ಅಥವಾ ಯೋಜನೆಯ ಪಟ್ಟಿಯ ಹೆಸರಿನಲ್ಲಿ ಎಪಿಕೆ ಕಡತ ಬಂದರೆ, ಕಳುಹಿಸಿದವರು ಪರಿಚಿತರೇ ಆಗಿದ್ದರೂ ತೆರೆಯಬೇಡಿ. ಅವರ ಫೋನು ಆಗಲೇ ಅನ್ಯರ ವಶವಾಗಿರಬಹುದು. ತಂತ್ರಾಂಶ ಸರಿಪಡಿಸುತ್ತೇವೆಂದು ಎನಿಡೆಸ್ಕ್‌ನಂತಹ ಸಾಧನದ ಮೂಲಕ ಪರದೆಯ ಹತೋಟಿ ಕೇಳುವವರು ನಿಜವಾದ ತಂತ್ರಜ್ಞರೇ ಆಗಿರಬಹುದು. ಆದರೂ ಆಗ ಡಾಂಗಲ್ ಹೊರಗಿರಲಿ.

ಇಷ್ಟೆಲ್ಲ ಎಚ್ಚರ ಯಾರಿಗಾಗಿ? 2023ರಲ್ಲಿ ನಮ್ಮ ರಾಜ್ಯದಲ್ಲಿ ಅನೇಕರ ಬ್ಯಾಂಕ್ ಖಾತೆಗಳಿಂದ ಒಟಿಪಿ ಸಹ ಬಾರದೆ ಹಣ ಹೋಯಿತು. ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚು ಮತ್ತು ಆಧಾರ್ ಸಂಖ್ಯೆಗಳು ವಂಚಕರ ಕೈ ಸೇರಿ, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ಹಣ ತೆಗೆಯಲು ಬಳಕೆಯಾಗಿದ್ದವು. ಪಾವಗಡದ ತಿರುಮಣಿ, ವಳ್ಳೂರು ಭಾಗದಲ್ಲಿ ಸೌರ ಪಾರ್ಕಿಗೆ ಭೂಮಿ ಗುತ್ತಿಗೆ ಕೊಟ್ಟ ರೈತರನ್ನು ನೆನೆಯಿರಿ. ಬೆಳೆಯ ಜಾಗದಲ್ಲಿ ಅವರಿಗಿರುವುದು ಗುತ್ತಿಗೆಯ ಹಣ. ಅಂತಹವರ ಪಹಣಿ, ಆಧಾರ್, ಪಾಸ್‌ಬುಕ್ಕುಗಳ ಚಿತ್ರ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು, "ಬೇಗ ಕೆಲಸವಾಗಲಿ" ಎಂಬ ಸದುದ್ದೇಶದಿಂದಲೇ ಆದರೂ, ಅವರ ತಿಜೋರಿಯನ್ನು ಬೀದಿಯಲ್ಲಿಟ್ಟಂತೆ. ಆಧಾರ್ ಬಯೋಮೆಟ್ರಿಕ್‌ಗೆ ಬೀಗ ಹಾಕುವ ಸೌಲಭ್ಯವಿದೆ ನಿಜ. ಆದರೆ ಬೆರಳೊತ್ತಿಯೇ ಕೂಲಿ ಹಣ ಪಡೆಯುವ ವೃದ್ಧೆಗೆ, ಬೀಗ ತೆರೆಯುವ ಕ್ರಮವನ್ನು ತಿಳಿಸದೆ, ಆ ಸಲಹೆ ಕೊಟ್ಟರೆ ಅವಳ ಕೂಲಿಯೇ ಕೈಗೆ ಬಾರದು.

ಅನಾಹುತವಾದರೆ ಮುಚ್ಚಿಡಬೇಡಿ. ಹಣ ಹೋಗಿದ್ದರೆ ತಕ್ಷಣ 1930ಕ್ಕೆ ಕರೆ ಮಾಡಿ; ಹಣ ಖಾತೆಯಿಂದ ಖಾತೆಗೆ ಹಾರುವ ಮುನ್ನವೇ ತಡೆಯಲು ಸಾಧ್ಯ. ಡಾಂಗಲ್ ಕಳೆದರೆ ಅದನ್ನು ನೀಡಿದ ಪ್ರಮಾಣೀಕರಿಸುವ ಸಂಸ್ಥೆಗೆ ರದ್ದತಿ ಕೋರಿಕೆ ಸಲ್ಲಿಸಿ, ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ ಅದೇ ದಿನ ಲಿಖಿತವಾಗಿ ತಿಳಿಸಿ. ಸರ್ಕಾರಿ ಸಂಸ್ಥೆಗಳು ಸೈಬರ್ ಘಟನೆಯನ್ನು ಗಮನಕ್ಕೆ ಬಂದ ಆರು ಗಂಟೆಗಳೊಳಗೆ ವರದಿ ಮಾಡಬೇಕೆಂದು 2022ರ ಏಪ್ರಿಲ್ 28ರ ಸರ್ಟ್-ಇನ್ ನಿರ್ದೇಶನವಿದೆ. ಬೈಗುಳಕ್ಕೆ ಹೆದರಿ ಸೋಮವಾರದವರೆಗೆ ಕಾಯುವುದಕ್ಕೆ ಅಲ್ಲಿ ಅವಕಾಶವಿಲ್ಲ.

ಊಟದ ವಿರಾಮದ ನಂತರ ಎಲ್ಲರೂ ತಮ್ಮ ಡಾಂಗಲ್‌ಗಳೊಡನೆ ಕಂಪ್ಯೂಟರ್ ಕೊಠಡಿಗೆ ಬನ್ನಿ. ಪ್ರಮಾಣಪತ್ರದ ಅವಧಿ ಮುಗಿಯುವ ದಿನಾಂಕ ನೋಡುವುದನ್ನೂ ಗುಪ್ತಪದ ಬದಲಿಸುವುದನ್ನೂ ಒಬ್ಬೊಬ್ಬರಾಗಿ ಮಾಡೋಣ. ಅಧ್ಯಕ್ಷರ ಡಾಂಗಲ್ ಯಾರ ಬಳಿಯಾದರೂ ಇದ್ದರೆ, ಇಂದು ಸಂಜೆಯೇ ಅದನ್ನು ಅವರಿಗೆ ಹಿಂದಿರುಗಿಸಿ ಸ್ವೀಕೃತಿ ಪಡೆಯಿರಿ.