ಸುವಾರ್ತಿಕನ ಕೆಲಸ



ಹಳೆಯ ಚರ್ಚುಗಳಲ್ಲಿ ನಾಲ್ಕು ಚಿತ್ರಗಳನ್ನು ನೀವು ನೋಡಿರಬಹುದು: ಒಬ್ಬ ಮನುಷ್ಯ, ಒಂದು ಸಿಂಹ, ಒಂದು ಎತ್ತು, ಒಂದು ಹದ್ದು. ನಾಲ್ಕಕ್ಕೂ ರೆಕ್ಕೆಗಳಿರುತ್ತವೆ. ಇವು ಮತ್ತಾಯ, ಮಾರ್ಕ, ಲೂಕ, ಯೋಹಾನರ ಗುರುತುಗಳು. ಯೇಸುವಿನ ಬದುಕು, ಬೋಧನೆ, ಶಿಲುಬೆಯ ಮರಣ ಮತ್ತು ಪುನರುತ್ಥಾನವನ್ನು ಬರೆದಿಟ್ಟವರು ಇವರೇ ಎಂದು ಕ್ರೈಸ್ತ ಪರಂಪರೆ ಹೇಳುತ್ತದೆ. ಸುವಾರ್ತಿಕರು, ಅಂದರೆ ಯೇಸುವಿನ ಶುಭಸಂದೇಶ ಸಾರುವವರು, ಎಂದೊಡನೆ ಮೊದಲು ನೆನಪಾಗುವುದು ಈ ನಾಲ್ವರು.

ಆದರೆ ಹೊಸ ಒಡಂಬಡಿಕೆಯಲ್ಲಿ ಆ ಹೆಸರು ಬರುವುದು ಮೂರೇ ಕಡೆ, ಅದೂ ಇವರಿಗಲ್ಲ. ಎಫೆಸದವರಿಗೆ ಬರೆದ ಪತ್ರದಲ್ಲಿ ಅಪೊಸ್ತಲರು, ಪ್ರವಾದಿಗಳು, ಸಭಾಪಾಲಕರ ಜೊತೆ ಸುವಾರ್ತಿಕರೂ ಇದ್ದಾರೆ. ತಿಮೊಥೆಯನಿಗೆ ಬರೆದ ಎರಡನೆಯ ಪತ್ರದಲ್ಲಿ, ಸುವಾರ್ತಿಕನ ಕೆಲಸವನ್ನು ಮಾಡು ಎಂಬ ಮಾತಿದೆ. ಹೆಸರು ಹಿಡಿದು ಸುವಾರ್ತಿಕನೆಂದು ಕರೆದಿರುವುದು ಒಬ್ಬನನ್ನು ಮಾತ್ರ, ಕೈಸರೈಯದ ಫಿಲಿಪ್ಪನನ್ನು.

ಈ ಫಿಲಿಪ್ಪ ಹನ್ನೆರಡು ಮಂದಿ ಅಪೊಸ್ತಲರಲ್ಲಿ ಒಬ್ಬನಲ್ಲ. ಜೆರೂಸಲೇಮಿನ ಸಭೆಯಲ್ಲಿ ದಿನನಿತ್ಯ ಹಂಚುವ ಆಹಾರ ಗ್ರೀಕ್ ಮಾತಾಡುವ ವಿಧವೆಯರಿಗೆ ಸರಿಯಾಗಿ ಸಿಗುತ್ತಿಲ್ಲವೆಂದು ದೂರು ಬಂದಾಗ, ಆ ಹಂಚಿಕೆ ನೋಡಿಕೊಳ್ಳಲು ಏಳು ಜನರನ್ನು ಆರಿಸಿದರು. ಅವರಲ್ಲಿ ಇವನೂ ಒಬ್ಬ. ಊಟ ಬಡಿಸುವ ಹೊಣೆ ಹೊತ್ತವನೇ ಮುಂದೆ ಸುವಾರ್ತಿಕನಾದ. ಇದು ನನಗೆ ಬಹಳ ಮುಖ್ಯವೆನಿಸುತ್ತದೆ.

ಜೆರೂಸಲೇಮಿನಿಂದ ಗಾಜಾಕ್ಕೆ ಇಳಿಯುವ ದಾರಿಯಲ್ಲಿ ಐಥಿಯೋಪ್ಯದ ಅಧಿಕಾರಿಯೊಬ್ಬ ರಥದಲ್ಲಿ ಕೂತು ಪ್ರವಾದಿ ಯೆಶಾಯನ ಗ್ರಂಥ ಓದುತ್ತಿದ್ದ. ಅವನು ರಾಣಿಯ ಖಜಾನೆಯ ಮೇಲ್ವಿಚಾರಕ, ಕಂಚುಕಿ. ಫಿಲಿಪ್ಪ ರಥದ ಬಳಿಗೆ ಓಡಿಹೋದ. ಓದುವುದು ಕಿವಿಗೆ ಬಿತ್ತು. ಓದುತ್ತಿರುವುದು ಅರ್ಥವಾಗುತ್ತಿದೆಯೇ ಎಂದು ಕೇಳಿದ. ತಿಳಿಸಿಕೊಡುವವರಿಲ್ಲದೆ ಹೇಗೆ ಅರ್ಥವಾದೀತು ಎಂದ ಅಧಿಕಾರಿ, ಮೇಲೆ ಬಂದು ಕೂರೆಂದು ಬೇಡಿಕೊಂಡ. ಅವನು ಓದುತ್ತಿದ್ದ ಆ ಭಾಗದಿಂದಲೇ ಫಿಲಿಪ್ಪ ಮಾತು ಶುರುಮಾಡಿ ಯೇಸುವಿನ ವಿಷಯ ತಿಳಿಸಿದ. ದಾರಿಯಲ್ಲಿ ನೀರು ಕಂಡಾಗ ದೀಕ್ಷಾಸ್ನಾನದ ಮಾತೆತ್ತಿದವನು ಆ ಅಧಿಕಾರಿಯೇ.

ಮೊದಲು ಕೇಳಿಸಿಕೊಳ್ಳುವುದು, ಆಮೇಲೆ ಪ್ರಶ್ನೆ, ಕರೆದರೆ ಮಾತ್ರ ಪಕ್ಕದಲ್ಲಿ ಕೂರುವುದು, ನಿರ್ಧಾರವನ್ನು ಎದುರಿನವನಿಗೇ ಬಿಡುವುದು. ಸುವಾರ್ತಿಕನ ಕೆಲಸ ಇಷ್ಟು. ಸಭಾಪಾಲಕ ಒಂದು ಸಭೆಯ ಸುಖದುಃಖ ನೋಡಿಕೊಂಡು ಅಲ್ಲೇ ಉಳಿಯುತ್ತಾನೆ. ಸುವಾರ್ತಿಕ ಹೇಳಬೇಕಾದ್ದನ್ನು ಹೇಳಿ ಮುಂದಿನ ಊರಿಗೆ ಹೊರಡುತ್ತಾನೆ.

ನಮ್ಮ ನಾಡಿನಲ್ಲೂ ಈ ಕೆಲಸಕ್ಕೆ ದೀರ್ಘ ಚರಿತ್ರೆಯಿದೆ. ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಆ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಹೊರತಂದರು, ಅದು ಕನ್ನಡದ ಮೊದಲ ಪತ್ರಿಕೆ. ಫರ್ಡಿನಾಂಡ್ ಕಿಟೆಲ್ ಕನ್ನಡ ಛಂದಸ್ಸಿನ ಗ್ರಂಥಗಳನ್ನು ಅಭ್ಯಾಸ ಮಾಡಿ, 1894ರಲ್ಲಿ ನಿಘಂಟನ್ನು ಪ್ರಕಟಿಸಿದರು. ಜನರ ಮಾತನ್ನೂ ಓದನ್ನೂ ಕಲಿಯದೆ ಅವರಿಗೆ ಏನನ್ನೂ ಹೇಳಲಾಗದು ಎಂದು ಇವರು ಅರಿತಿದ್ದರು. ಎದುರಿನವರ ನಂಬಿಕೆಯನ್ನು ಹೀಗಳೆದು ಬೋಧಿಸಿದವರೂ ಆ ಕಾಲದಲ್ಲಿದ್ದರು, ಇಂದಿಗೂ ಇದ್ದಾರೆ. ಅಂಥವರಿಗೆ ಫಿಲಿಪ್ಪನ ಮಾದರಿ ಸಲ್ಲುವುದಿಲ್ಲ ಎಂದು ಖಚಿತವಾಗಿ ಹೇಳುತ್ತೇನೆ.

ಫಿಲಿಪ್ಪ ಮತ್ತು ಆ ಅಧಿಕಾರಿಯ ಕಥೆ ‘ಅಪೊಸ್ತಲರ ಕೃತ್ಯಗಳು’ ಗ್ರಂಥದ 8ನೇ ಅಧ್ಯಾಯದಲ್ಲಿದೆ. ಓದಲು ಹತ್ತು ನಿಮಿಷವೂ ಬೇಡ. ಯಾವ ಧರ್ಮದವರೇ ಆಗಿರಿ, ಕನ್ನಡ ಬೈಬಲ್ ಕೈಗೆ ಸಿಕ್ಕರೆ ಅದನ್ನೊಮ್ಮೆ ಓದಿ.